ಬಾವಿಯೊಳಗೆ ಯಾರೂ ಇರುವುದಿಲ್ಲ

ಗಿರಿಜಾಂಬಾ ಅವರ ಕೆಲಸ ಪ್ರಶ್ನೆ ಬರೆಯುವುದು. ಮೊದಲು ಬಸವನಗುಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಶಾಲೆ ಬಿಟ್ಟು, ವಿಧಾನ ಪರಿಷತ್ ಸದಸ್ಯ ಮರಿಯಣ್ಣನವರ ಗಾಂಧಿನಗರದ ಕಚೇರಿಗೆ ಸೇರಿದರು. ಕೆಳಗಿನ ಮಹಡಿಯಲ್ಲಿ ಸಿನಿಮಾ ಹಂಚಿಕೆದಾರರು, ಮೇಲೆ ಇವರು. ಅಧಿವೇಶನ ಹತ್ತಿರವಾದಾಗ ಮರಿಯಣ್ಣನವರ ಹೆಸರಿನಲ್ಲಿ ಮಂತ್ರಿಗಳಿಗೆ ಹೋಗುವ ಲಿಖಿತ ಪ್ರಶ್ನೆಗಳೆಲ್ಲ ಅವರ ಮೇಜಿನಿಂದಲೇ ಹೊರಡುತ್ತವೆ. ಅಂಗನವಾಡಿಯ ಮೊಟ್ಟೆ, ಕೆರೆಯ ಒತ್ತುವರಿ, ಆಂಬುಲೆನ್ಸ್ ಚಾಲಕರ ಪಾಳಿ, ಯಾವುದಾದರೂ ಸರಿ. ಮರಿಯಣ್ಣ ಸಹಿ ಹಾಕುವಾಗ ಕೇಳುವುದು ಒಂದೇ ಮಾತು.

“ಟೀಚರ್, ಈ ಸಲ ಯಾರ್ ಸಿಗಾಕ್ಕೊಳ್ತಾರೆ?”

ಸಿಕ್ಕಿಸುವುದು ಸುಲಭವಲ್ಲ. ಸದನದ ಪ್ರಶ್ನೆಯಲ್ಲಿ ಅ, ಆ, ಇ ಎಂದು ಭಾಗಗಳಿರುತ್ತವೆ. ಮೊದಲನೆಯದು ರೂಢಿಯಂತೆ ‘ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು. ಅದಕ್ಕೆ ‘ಬಂದಿರುವುದಿಲ್ಲ’ ಎಂದುಬಿಟ್ಟರೆ ಇಲಾಖೆಯ ಕೆಲಸ ಮುಗಿಯಿತು. ಉಳಿದ ಭಾಗಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ ಸಾಕು. ಹಾಗೆ ತಪ್ಪಿಸಿಕೊಳ್ಳಲಾಗದಂತೆ ಪ್ರಶ್ನೆ ಕಟ್ಟುವುದೇ ಗಿರಿಜಾಂಬಾ ಅವರ ವಿದ್ಯೆ. ಗೊತ್ತಿಲ್ಲದ್ದನ್ನು ಅವರು ಕೇಳುತ್ತಿರಲಿಲ್ಲ. ಮೊದಲು ತಾವು ನೋಡಿ, ಅಳೆದು, ಆಮೇಲೆ ಸರ್ಕಾರಕ್ಕೆ ಕಾಣುತ್ತದೆಯೇ ಎಂದು ಕೇಳುತ್ತಿದ್ದರು.

ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್‌ಗೆ ಕಾದ ಒಂದು ಬೇಸಿಗೆ ಕಳೆದ ಮೇಲೆ, ನಗರದಲ್ಲಿ ಮುಚ್ಚಿಹಾಕಿದ ಸಾರ್ವಜನಿಕ ಬಾವಿಗಳ ಬಗ್ಗೆ ಪ್ರಶ್ನೆ ಹಾಕಬೇಕೆಂದು ಅವರಿಗೆ ಅನಿಸಿತು. ಉದಾಹರಣೆಗೆ ದೂರ ಹೋಗಬೇಕಿರಲಿಲ್ಲ. ಚಾಮರಾಜಪೇಟೆಯಲ್ಲಿ ಅವರ ಮನೆಯ ಅಡ್ಡರಸ್ತೆ ತಿರುಗುವಲ್ಲಿ ಟಾರಿನಡಿ ಒಂದು ಬಾವಿಯಿತ್ತು. ಅಲ್ಲಿ ಕಾಲಿಟ್ಟರೆ ಹೆಜ್ಜೆಯ ಸದ್ದು ಬದಲಾಗುತ್ತಿತ್ತು. ಮಧ್ಯಾಹ್ನ ಬೀದಿ ಸ್ತಬ್ಧವಾದಾಗ ಕೆಳಗಿನಿಂದ ಇನ್ನೊಂದು ಸದ್ದೂ ಬರುತ್ತಿತ್ತು. ಬಿಂದಿಗೆ ನೀರಿಗೆ ಬಿದ್ದಂತೆ ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದಂತೆ. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಅವರು ಅತ್ತೆಯನ್ನು ಕೇಳಿದ್ದರು. ಅತ್ತೆ ಕೇಳಿಸದವರಂತೆ ಒಳಗೆ ಹೋಗಿದ್ದರು. ನೀರಿನ ಪೈಪಿನಲ್ಲಿ ಒತ್ತಡ ಏರಿಳಿದರೆ ಇಂಥ ಸದ್ದು ಬರುತ್ತದೆ ಎಂದು ಗಿರಿಜಾಂಬಾ ತಮಗೆ ತಾವೇ ಹೇಳಿಕೊಂಡು ಸುಮ್ಮನಾದರು. ಭೌತಶಾಸ್ತ್ರದ ಪ್ರಕಾರ ಅದು ಸರಿಯಾದ ವಿವರಣೆಯೇ.

ಬೀದಿಗೆಲ್ಲ ಗೊತ್ತಿರುವ ಬಾವಿಯನ್ನು ಇಲ್ಲವೆನ್ನಲಾರರು ಎಂದುಕೊಂಡು ಪ್ರಶ್ನೆಯಲ್ಲಿ ಎರಡೇ ಭಾಗ ಇಟ್ಟರು. ಈ ಬಾವಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಇಂಥ ಬಾವಿಗಳನ್ನು ಮಳೆನೀರು ಇಂಗಿಸಲು ಬಳಸುವ ನೀತಿಯೇನು? ಯಾವತ್ತೂ ಅಲ್ಲೇ ಸಹಿ ಹಾಕುವ ಮರಿಯಣ್ಣ ಆ ಹಾಳೆಯನ್ನು ಎರಡು ಸಲ ಓದಿದರು.

“ಇದು ನನ್ ಹತ್ರ ಇರ್ಲಿ ಟೀಚರ್. ನಾಳೆ ವಿಧಾನಸೌಧಕ್ ಹೋಗ್ತಿದೀನಿ, ನಾನೇ ಕೊಡ್ತೀನಿ.”

ಬಜೆಟ್ ಅಧಿವೇಶನದಲ್ಲಿ ಉತ್ತರ ಬಂತು.

(ಅ) ಬಂದಿರುವುದಿಲ್ಲ.
(ಆ) ಉದ್ಭವಿಸುವುದಿಲ್ಲ.
(ಇ) ಸದರಿ ಬಾವಿಯೊಳಗೆ ಯಾರೂ ಇರುವುದಿಲ್ಲ.

ಗಿರಿಜಾಂಬಾ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮೂರನೆಯ ಭಾಗವನ್ನು ಅವರು ಕೇಳಿಯೇ ಇರಲಿಲ್ಲ.

ಇಲಾಖೆಯಲ್ಲಿ ಉತ್ತರಗಳನ್ನು ಸಿದ್ಧಪಡಿಸುವ ಶಾಖಾಧಿಕಾರಿ ಏಕಾಂತಯ್ಯ ಗಿರಿಜಾಂಬಾ ಅವರಿಗೆ ಫೋನಿನಲ್ಲಿ ಮಾತ್ರ ಪರಿಚಯ. ಇವರು ಬಲೆ ಬೀಸುವವರು, ಅವರು ನುಣುಚಿಕೊಳ್ಳುವವರು. ವರ್ಷಗಟ್ಟಲೆ ಹೀಗೇ ನಡೆದು ಇಬ್ಬರಿಗೂ ಒಂದು ಬಗೆಯ ಸಲಿಗೆ ಬೆಳೆದಿತ್ತು.

“ಏಕಾಂತಯ್ಯನವರೇ, ನಾನು ಕೇಳ್ದೇ ಇರೋದಕ್ಕೆ ಉತ್ತರ ಕೊಟ್ಟಿದೀರಲ್ಲ.”

“ಕೇಳಿದ್ದಕ್ಕೆ ಉತ್ತರ ಕೊಡಲ್ಲ ಅಂತ ಇಷ್ಟು ದಿನ ಬೈದ್ರಿ. ಈಗ ಕೇಳ್ದೇ ಇರೋದಕ್ಕೆ ಕೊಟ್ಟೆ ಅಂತ ಬೈತೀರ. ನಾವೆಲ್ಲಿಗ್ ಹೋಗ್ಬೇಕು ಮೇಡಂ?”

“ತಮಾಷೆ ಅಲ್ರೀ. ‘ಇ’ ಎಲ್ಲಿಂದ ಬಂತು?”

“ನಿಮ್ ಕಡೆಯಿಂದಾನೇ. ನನ್ ಮುಂದೇನೇ ಇದೆ, ಓದ್ಲಾ? ‘ಸದರಿ ಬಾವಿಯೊಳಗೆ ಯಾರಾದರೂ ಇದ್ದಾರೆಯೇ?’ ಯಾರೋ ಒತ್ತುವರಿ ಮಾಡ್ಕೊಂಡು ವಾಸ ಇದಾರೇನೋ ಅಂದ್ಕೊಂಡು ಪರಿಷತ್ತಲ್ಲಿ ಪಾಸ್ ಮಾಡಿರ್ಬೇಕು.”

ಸೇರಿಸಿದವರು ಯಾರೆಂದು ಗಿರಿಜಾಂಬಾ ಅವರಿಗೆ ಹೊಳೆಯಿತು. ಆದರೆ ಇನ್ನೊಂದು ಮಾತು ಉಳಿದಿತ್ತು.

“ಬಾವಿನೇ ಗಮನಕ್ಕೆ ಬಂದಿಲ್ಲ ಅಂದ್ಮೇಲೆ ಒಳಗೆ ಯಾರೂ ಇಲ್ಲ ಅಂತ ನಿಮಗ್ ಹೇಗ್ ಗೊತ್ತು? ಅದಕ್ಕೂ ಉದ್ಭವಿಸುವುದಿಲ್ಲ ಅಂತ ಬರೀಬೇಕಿತ್ತಲ್ವಾ? ಇಂಥ ತಪ್ಪು ಮಾಡೋರಲ್ಲ ನೀವು.”

ಆ ಕಡೆ ಫೈಲು ಮುಚ್ಚಿದ ಸದ್ದು ಕೇಳಿಸಿತು.

“ಹಾಗೇ ಬರ್ದಿದ್ದೆ ಮೇಡಂ. ಆಮೇಲ್ ಹೊಡೆದ್ಹಾಕ್ದೆ. ಇಡ್ಲಾ?” ಎಂದು ಏಕಾಂತಯ್ಯ ಫೋನ್ ಇಟ್ಟುಬಿಟ್ಟರು.

ಮರಿಯಣ್ಣ ತಪ್ಪಿಸಿಕೊಳ್ಳಲು ನೋಡಲಿಲ್ಲ. ಬಾಗಿಲು ಮುಂದೆ ಮಾಡಿ ಕುಳಿತರು.

“ನಾನೇ ಸೇರಿಸ್ದೆ. ನಿಮ್ಮ ಬೀದೀಲೇ ಇದ್ದೆ ಟೀಚರ್ ನಾನು, ಸಣ್ಣೋನಿದ್ದಾಗ. ಊರಿಂದ ಓದಕ್ಕೆ ಅಂತ ಬಂದು, ನೆಂಟರ ಮನೇಲಿ. ನಮ್ಮಕ್ಕ ಲಕ್ಕಮ್ಮನೂ ಜೊತೇಲಿದ್ಲು. ನಾಲ್ಕಾರು ಮನೆಗೆ ಆ ಬಾವೀಲಿ ನೀರು ಸೇದಿ ಹಾಕೋಳು. ಆ ದುಡ್ಡಲ್ಲೇ ನನ್ ಪುಸ್ತಕ, ಬಟ್ಟೆ. ಒಂದಿನ ಮಧ್ಯಾಹ್ನ ಬಿಂದಿಗೆ ತಗೊಂಡ್ ಹೋದೋಳು ವಾಪಸ್ ಬರ್ಲಿಲ್ಲ. ಹದಿನೈದು ವರ್ಷ ಅವಳಿಗೆ.”

“ಹುಡುಕ್ಲಿಲ್ವಾ?”

“ಯಾವನೋ ಲಾರಿಯೋನ ಜೊತೆ ಓಡ್ಹೋದ್ಲು ಅಂದ್ರು. ಓಡ್ಹೋದೋಳನ್ನ ಯಾರಾದ್ರೂ ಬಾವೀಲಿ ಹುಡುಕ್ತಾರಾ? ಎರಡು ದಿನಕ್ಕೆ ರಸ್ತೆ ಅಗಲ ಮಾಡೋರು ಬಂದು ಬಾವಿ ಮುಚ್ಚಿದ್ರು. ನಾನು ಸ್ಕೂಲಿಂದ ಬರೋ ಹೊತ್ತಿಗೆ ಕಲ್ಲು ಹಾಸಿದ್ರು.”

ಮರಿಯಣ್ಣ ಅಂಗೈಯನ್ನು ನೋಡಿಕೊಳ್ಳುತ್ತ ಮುಂದುವರಿಸಿದರು.

“ಮಹಾಲಯ ಅಮಾವಾಸ್ಯೆ ದಿನ ನಮ್ಮಲ್ಲಿ ಹೋದೋರಿಗೆ ಎಡೆ ಹಾಕ್ತೀವಿ. ತಾತಂಗೆ, ಅಪ್ಪಂಗೆ, ಅವ್ವಂಗೆ. ಅಕ್ಕಂಗೆ ಹಾಕಿಲ್ಲ. ಬದುಕಿರೋಳಿಗೆ ಎಡೆ ಹಾಕಿದ್ರೆ ನಾವೇ ಕೈಯಾರೆ ಸಾಯಿಸ್ದಂಗೆ. ಅವ್ವ ಸಾಯೋವರ್ಗೂ ಬಿಡ್ಲಿಲ್ಲ, ‘ನನ್ ಮಗಳು ಎಲ್ಲೋ ಬಾಳ್ತಾವ್ಳೆ’ ಅನ್ನೋಳು. ಸರಿ, ಬಾಳ್ತಿದ್ರೆ ಬಾಳ್ಲಿ. ಸತ್ತಿದ್ರೆ? ಐವತ್ತು ವರ್ಷದಿಂದ ಹಸ್ಕೊಂಡವ್ಳೆ ಟೀಚರ್.”

“ಇಷ್ಟು ವರ್ಷ ಯಾರನ್ನೂ ಕೇಳ್ಲಿಲ್ವಾ ಸರ್?”

“ಯಾರ್ನ ಕೇಳ್ಲಿ? ಎಂಜಿನಿಯರ್ ಕರ್ದು, ನಮ್ಮಕ್ಕ ಇದ್ರೊಳಗವ್ಳಾ ನೋಡಪ್ಪ ಅನ್ನೋಕಾಗುತ್ತಾ? ಸರ್ಕಾರನ ಆದ್ರೆ ಕೇಳ್ಬಹುದು. ಯಾಕೆ ಅಂತ ಅದು ವಾಪಸ್ ಕೇಳಲ್ಲ.”

ಮಳೆಗಾಲದ ಅಧಿವೇಶನಕ್ಕೆ ಗಿರಿಜಾಂಬಾ ಬರೆದ ಪ್ರಶ್ನೆ ಚಿಕ್ಕದು. ಅದರಲ್ಲಿ ‘ಗಮನಕ್ಕೆ ಬಂದಿದೆಯೇ’ ಎಂಬ ಬಾಗಿಲನ್ನು ಅವರು ಇಡಲೇ ಇಲ್ಲ. ಬಾವಿಯೊಳಗೆ ಯಾರೂ ಇಲ್ಲ ಎಂದು ಸರ್ಕಾರವೇ ಹೇಳಿಯಾಗಿತ್ತು. ಹಾಗೆಂದ ಮೇಲೆ ಬಾವಿ ಇದೆ ಎಂದು ಒಪ್ಪಿದಂತೆ. (ಅ) ಯಾರೂ ಇರುವುದಿಲ್ಲ ಎಂಬುದು ಯಾವ ಪರಿಶೀಲನೆಯಿಂದ ತಿಳಿದುಬಂತು? (ಆ) ಬಾವಿಯನ್ನು ಮುಚ್ಚುವ ಮುನ್ನ ಒಳಗೆ ನೋಡಲಾಗಿತ್ತೇ? ತೆರೆದು ನೋಡದೆ ಉತ್ತರಿಸುವ ದಾರಿಯನ್ನು ಅವರು ಎಲ್ಲೂ ಬಿಟ್ಟಿರಲಿಲ್ಲ.

ಇಲಾಖೆಯವರು ತೆರೆಯಲು ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ಟಾರು ಒಡೆದು, ಚಪ್ಪಡಿಗೆ ಸರಪಳಿ ಹಾಕಿ ಎತ್ತಿದರು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು, ಆದರೆ ಯಾರೂ ಮೆಟ್ಟಿಲಿಳಿಯಲಿಲ್ಲ. ಏಕಾಂತಯ್ಯನೂ ಬಂದಿದ್ದರು. ಫೋನಿನ ದನಿಗೆ ಹೋಲಿಸಿದರೆ ಸಣ್ಣಗಿನ, ಬಾಗಿದ ಮನುಷ್ಯ. ಮರಿಯಣ್ಣ ಚಪ್ಪಲಿ ಬಿಟ್ಟು ನಿಂತಿದ್ದರು.

ಚಪ್ಪಡಿ ಪಕ್ಕಕ್ಕೆ ಸರಿಯಿತು. ಕೆಳಗೆ ನೀರಿರಲಿಲ್ಲ, ಕತ್ತಲೆಯೂ ಇರಲಿಲ್ಲ. ಬಾವಿಯ ಬಾಯಿಯವರೆಗೂ ಕೆಮ್ಮಣ್ಣು ಒತ್ತೊತ್ತಾಗಿ ತುಂಬಿತ್ತು. ಮಳೆಗಾಲದಲ್ಲೂ ಒಣಗಿದ ಮಣ್ಣು. ಸಹಾಯಕ ಎಂಜಿನಿಯರ್ ಯಶಶ್ರೀ ಕಬ್ಬಿಣದ ಸಲಾಕೆ ಇಳಿಸಿ ಸುತ್ತಿಗೆಯಿಂದ ಹೊಡೆಸಿದಳು. ಒಂದು ಮೊಳ ಇಳಿದು ನಿಂತಿತು.

“ಪೊಳ್ಳೇ ಇಲ್ಲ ಮೇಡಂ, ಗಟ್ಟಿಯಾಗಿದೆ,” ಎಂದಳು.

“ಪೈಪು ಯಾವ ಕಡೆ ಹೋಗಿದೆಯಮ್ಮ?” ಗಿರಿಜಾಂಬಾ ಕೇಳಿದರು.

“ಈ ಕಡೆ ಪೈಪ್‌ಲೈನೇ ಇಲ್ವಲ್ಲ. ಇರೋದೆಲ್ಲ ಆ ಮೇನ್ ರೋಡಲ್ಲಿ.”

ಗಿರಿಜಾಂಬಾ ಮಣ್ಣಿನ ಮೇಲೆ ಕೈ ಇಟ್ಟು ನೋಡಿದರು. ಬಿಸಿಲಿಗೆ ಮೇಲುಭಾಗ ಕಾದಿತ್ತು. ಸಲಾಕೆ ಕಿತ್ತ ತೂತಿಗೆ ಬೆರಳು ಹಾಕಿದಾಗ ಮಾತ್ರ ತಣ್ಣಗಿತ್ತು, ಆಗಷ್ಟೇ ಸೇದಿದ ನೀರಿನ ಹಾಗೆ. ಬೆರಳು ಹೊರತೆಗೆದರು. ಒಣಗೇ ಇತ್ತು. ಅಷ್ಟು ವರ್ಷ ತಾವು ನಂಬಿದ್ದ ವಿವರಣೆಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು.

“ತಳದವರೆಗೂ ಅಗೀಬಹುದಾ?” ಮರಿಯಣ್ಣ ಕೇಳಿದರು.

“ಆಗಲ್ಲ ಸಾರ್. ಎರಡೂ ಕಡೆ ಹಳೇ ಮನೆ. ಪಾಯ ಕುಸಿಯುತ್ತೆ.”

“ಮಣ್ ಹಾಕೋ ಮುಂಚೆ ಒಳಗ್ ನೋಡಿರ್ತಾರೇನಮ್ಮ?”

“ಗೊತ್ತಿಲ್ಲ ಸಾರ್. ನಾನ್ ಆಗಿನ್ನೂ ಹುಟ್ಟಿರ್ಲಿಲ್ಲ.”

ಆಗ ಏಕಾಂತಯ್ಯ ಹತ್ತಿರ ಬಂದರು. ಯಾರ ಮುಖವನ್ನೂ ನೋಡದೆ ಮಣ್ಣಿನ ಕಡೆಗೇ ಹೇಳುವಂತೆ ಮಾತಾಡಿದರು.

“ಆ ಉತ್ತರ ನಂದಲ್ಲ ಸಾರ್, ನಮ್ಮಮ್ಮಂದು. ನಾವು ಹಿಂದಿನ ಬೀದೀಲಿದ್ವಿ. ಈ ಬಾವಿ ಮುಚ್ಚಿದ್ಮೇಲೂ ಮಧ್ಯಾಹ್ನ ನೀರ್ ಸೇದೋ ಸದ್ದು ಕೇಳೋದು. ನಾವು ಹುಡುಗ್ರು ಓಡ್ಹೋಗಿ ಅಮ್ಮನ್ನ ಕೇಳೋವು, ‘ಏನಮ್ಮಾ ಅದು ಸದ್ದು?’ ಅಂತ. ‘ಬಾವೀಲಿ ಯಾರೂ ಇಲ್ಲ, ಹೋಗಿ ಆಡ್ಕೊಳ್ಳಿ’ ಅನ್ನೋಳು. ದಿನಾ ಅದೇ ಮಾತು. ನಿಮ್ ಪ್ರಶ್ನೆ ಇನ್ನೊಂದ್ಸಲ ಓದಿದಾಗ ಕೈ ತಾನಾಗೇ ಅದನ್ನೇ ಬರೀತು.”

ಮತ್ತೆ ಹೇಳಿದರು. “ಬಾವೀಲಿ ಯಾರಾದ್ರೂ ಇದಾರಾ ಅಂತ ನಾವ್ ಕೇಳೇ ಇರ್ಲಿಲ್ಲ ಸಾರ್. ಸದ್ದು ಏನು ಅಂತ ಅಷ್ಟೇ ಕೇಳ್ತಿದ್ವಿ. ಅಮ್ಮ ಯಾಕ್ ಹಾಗಂತಿದ್ಲು ಅಂತ ಈ ವಯಸ್ಸಲ್ಲಿ ಯೋಚ್ನೆ ಆಗ್ತಿದೆ. ಕೇಳೋಕೆ ಅವಳೂ ಇಲ್ಲ.”

ಬಾಗಿಲುಗಳಲ್ಲಿ ನಿಂತಿದ್ದವರಲ್ಲಿ ವಯಸ್ಸಾದ ಇಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮರಿಯಣ್ಣ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಚಪ್ಪಡಿಯನ್ನು ಮತ್ತೆ ಇಟ್ಟರು.

ಅಧಿವೇಶನದ ಕೊನೆಯ ವಾರ ಉತ್ತರ ಬಂತು. (ಅ) ಬಾವಿಯನ್ನು ತೆರೆಯಲಾಗಿ, ಮಣ್ಣು ತುಂಬಿರುವುದು ಕಂಡುಬಂದಿದೆ. (ಆ) ಮುಚ್ಚುವ ಮುನ್ನ ಒಳಗೆ ನೋಡಿರುವುದಕ್ಕೆ ದಾಖಲೆ ಲಭ್ಯವಿರುವುದಿಲ್ಲ. ಆದ್ದರಿಂದ ಯಾರೂ ಇರುವುದಿಲ್ಲ ಎಂಬ ಹಿಂದಿನ ಉತ್ತರವನ್ನು ಹಿಂಪಡೆಯಲಾಗಿದೆ.

ಕೆಳಗೆ ಮಂತ್ರಿಗಳ ಸಹಿಯಿತ್ತು. ಒಂದು ‘ಇಲ್ಲ’ವನ್ನು ಸರ್ಕಾರ ವಾಪಸು ಪಡೆದದ್ದನ್ನು ಗಿರಿಜಾಂಬಾ ಅದೇ ಮೊದಲು ನೋಡಿದ್ದು. ಅದಕ್ಕಾಗಿ ಏಕಾಂತಯ್ಯ ಎಷ್ಟು ಮೇಜುಗಳ ಮುಂದೆ ನಿಂತು ಎಷ್ಟು ಜನರಿಗೆ ಸಮಜಾಯಿಷಿ ಕೊಟ್ಟಿರಬೇಕು ಎಂದು ಅವರಿಗೆ ಅಂದಾಜಿತ್ತು. ಅವರಿಗೆ ಫೋನ್ ಮಾಡಿದರು, ಈ ಸಲ ಬೈಯದೆ ಇಟ್ಟರು.

ಮಹಾಲಯ ಅಮಾವಾಸ್ಯೆಗೆ ಇನ್ನೆರಡು ದಿನವಿತ್ತು. ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಿಂದ ಮರಿಯಣ್ಣನ ಫೋನ್ ಬಂತು. ಎಡೆಯ ಜೊತೆ ಹೊಸ ಬಟ್ಟೆ ಇಡುವುದು ಅವರ ಮನೆಯ ಪದ್ಧತಿ.

“ಟೀಚರ್, ಸೀರೆ ತಗೊಳ್ಲಾ, ಲಂಗ ದಾವಣಿ ತಗೊಳ್ಲಾ? ಎಲ್ಲೋ ಬಾಳಿ ಆಮೇಲೆ ಹೋಗಿದ್ರೆ ಸೀರೆ. ಅವತ್ತೇ ಹೋಗಿದ್ರೆ…” ಹಿಂದೆ ಯಾರೋ ಥಾನು ಬಿಚ್ಚುವ ಸದ್ದು ಬರುತ್ತಿತ್ತು.

ಪ್ರಶ್ನೆ ಬರೆಯುವುದು ಗಿರಿಜಾಂಬಾ ಅವರ ಕೆಲಸ. ಆಧಾರವಿಲ್ಲದೆ ಉತ್ತರ ಹೇಳಿದವರಲ್ಲ.

“ಲಂಗ ದಾವಣಿ ತಗೊಳ್ಳಿ ಸರ್,” ಎಂದರು.

ಅಮಾವಾಸ್ಯೆಯ ದಿನ ಮರಿಯಣ್ಣ ಅವರನ್ನು ಶೇಷಾದ್ರಿಪುರದ ಮನೆಗೆ ಕರೆದರು. ನಡುಮನೆಯಲ್ಲಿ ಬಾಳೆಎಲೆಗಳ ಸಾಲು. ಮುದ್ದೆ, ಸಾರು, ವಡೆ, ಕಜ್ಜಾಯ. ಕೊನೆಯ ಎಲೆಯ ಮುಂದೆ ಹಸಿರು ಲಂಗ, ಹಳದಿ ದಾವಣಿ, ಬಳೆ. ಅದರ ಪಕ್ಕದಲ್ಲಿ ಕರವಸ್ತ್ರದ ಮಣ್ಣು. ಧೂಪ ಹಾಕಿ ಎಲ್ಲರೂ ಕೈಮುಗಿದು ಹೊರಗೆ ಬಂದರು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ವರಾಂಡದಲ್ಲಿ ನಿಲ್ಲುವುದು ವಾಡಿಕೆ. ಗಿರಿಜಾಂಬಾ ಅವರೂ ಗೋಡೆಗೆ ಒರಗಿ ನಿಂತರು. ಬೀದಿಯಲ್ಲಿ ಆಟೋಗಳು ಹೋಗುತ್ತಿದ್ದವು. ಒಳಗೆ ಯಾರೂ ಇರಲಿಲ್ಲ.

ಪ್ರತಿ ವರ್ಷದ ಹೊತ್ತು ಆಯಿತೆಂದು ಮರಿಯಣ್ಣನ ಹೆಂಡತಿ ಬಾಗಿಲಿಗೆ ಕೈ ಹಾಕಿದರು. ಮರಿಯಣ್ಣ ಆ ಕೈ ಹಿಡಿದರು. ಅವರ ಕಿವಿ ಬಾಗಿಲ ಕಡೆಗಿತ್ತು.

“ತಡಿ,” ಎಂದರು ಮೆಲ್ಲಗೆ. “ಅಕ್ಕ ನಿಧಾನಕ್ಕೆ ಉಣ್ತಾಳೆ.”