ಎಲ್ರಾಯ್ ಬೈದರೆ ಹುಡುಗ ಗ್ಯಾರಂಟಿ

ವಿಸ್ಕಾನ್ಸಿನ್ನಿನ ಆ ಸರೋವರದ ದಂಡೆಯ ಊರಿನಲ್ಲಿ ಎಲ್ರಾಯ್ ಸ್ಕಾಲ್ಸ್ಕಿ ಕೊಳಾಯಿ ರಿಪೇರಿಗೆ ಎಷ್ಟು ಹೆಸರಾಗಿದ್ದನೋ, ಕೈಯಲ್ಲಿ ಚೆಂಡೆಸೆದು ಆಡುವ ಅಮೆರಿಕನ್ ಫುಟ್‌ಬಾಲಿನ ಊರ ತಂಡದ ಕೋಚ್‌ನನ್ನು ಬೈಯುವುದಕ್ಕೂ ಅಷ್ಟೇ ಹೆಸರಾಗಿದ್ದ. ಪ್ರತಿ ಏಪ್ರಿಲ್‌ನಲ್ಲಿ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಗಸ್ಸಿಯ ಬಾರಿನಲ್ಲಿ ಟೀವಿಯೆದುರಿನ ಕುರ್ಚಿ ಅವನಿಗೇ ಮೀಸಲು. ಕೋಚ್ ಬ್ರಾನಿಗನ್ ಯಾರ ಹೆಸರೆತ್ತಿದರೂ ಎಲ್ರಾಯ್ ಹಣೆ ಚಚ್ಚಿಕೊಳ್ಳುತ್ತಿದ್ದ.

ತೊಂದರೆಯೆಂದರೆ, ಅವನ ತೀರ್ಪು ಒಂದಾದರೂ ನಿಂತದ್ದಿಲ್ಲ. "ಗಾಳಿ ಬೀಸಿದ್ರೆ ಹಾರ್ಕೊಂಡ್ ಹೋಗ್ತಾನೆ" ಎಂದು ಅವನು ಆಡಿಕೊಂಡ ಸಣಕಲ ಓಟಗಾರ ವರ್ಷಗಟ್ಟಲೆ ತಂಡವನ್ನು ಹೆಗಲ ಮೇಲೆ ಹೊತ್ತ. ಕೋಚ್ ಕೈಬಿಟ್ಟನಲ್ಲಾ ಎಂದು ಎಲ್ರಾಯ್ ಊಟ ಬಿಟ್ಟು ಕೊರಗಿದ ಉದ್ದನೆಯ ಹುಡುಗ ಬೇರೆ ತಂಡಕ್ಕೆ ಹೋಗಿ, ಕೈಗೆ ಬಂದ ಚೆಂಡನ್ನೆಲ್ಲ ನೆಲಕ್ಕೆ ಕೆಡವಿ, ಕೊನೆಗೆ ಹಳೆ ಕಾರು ಮಾರುವ ಕೆಲಸ ಹಿಡಿದ. ಹಾಗಾಗಿ ಬಾರಿನವರು ಕೋಚ್‌ನ ಆಯ್ಕೆಯನ್ನು ಅಳೆಯಲು ಸುಲಭದ ದಾರಿ ಕಂಡುಕೊಂಡಿದ್ದರು: ಎಲ್ರಾಯ್ ಬೈದರೆ ಹುಡುಗ ಒಳ್ಳೆಯವನು.

ಆ ವರ್ಷ ಬ್ರಾನಿಗನ್ ಮೊದಲ ಸರದಿಯಲ್ಲೇ ಅಲಬಾಮಾದ ಜಡ್ಸನ್ ಟಿಬ್ಸ್ ಎಂಬವನನ್ನು ಎತ್ತಿಕೊಂಡ. ಚೆಂಡೆಸೆಯುವವನ ಮುಂದೆ ಗೋಡೆಯಾಗಿ ನಿಲ್ಲಬೇಕಾದ ಆಳು. ನೋಡಲೂ ಗೋಡೆಯ ಹಾಗೇ ಇದ್ದ.

"ಗೋಡೆ ಸರಿ, ಆದ್ರೆ ಗೋಡೆ ನಡೆಯುತ್ತೇನ್ರೋ?" ಎಂದು ಎಲ್ರಾಯ್ ಗುಡುಗಿದ. "ಆ ಕಾಲ್ ನೋಡಿ! ಇವನು ಒಂದ್ ಹೆಜ್ಜೆ ಇಡೋದ್ರೊಳಗೆ ಎದುರಾಳಿ ಊಟ ಮುಗಿಸಿ ಕೈ ತೊಳ್ಕೊಂಡಿರ್ತಾನೆ. ಬ್ರಾನಿಗನ್‌ಗೆ ಬುದ್ಧಿ ಕೆಟ್ಟಿದೆ!"

ಬಾರಿನಲ್ಲಿ ಹರ್ಷೋದ್ಗಾರ ಎದ್ದಿತು. ಗಸ್ಸಿ ಎಲ್ಲರಿಗೂ ಬಿಟ್ಟಿ ಬಿಯರ್ ಹಂಚಿದಳು.

ಆಗಸ್ಟ್‌ನಲ್ಲೊಂದು ದಿನ ಎಲ್ರಾಯ್‌ಗೆ ಫೋನ್ ಬಂತು. ಬಾಡಿಗೆ ಮನೆಯೊಂದರ ಅಡುಗೆಮನೆ ಸಿಂಕ್ ಕಟ್ಟಿಕೊಂಡಿತ್ತು. ಬಾಗಿಲು ತೆರೆದವನು ಸಾಕ್ಷಾತ್ ಜಡ್ಸನ್. ಮೀನು ಕರಿದ ಎಣ್ಣೆಯನ್ನೆಲ್ಲ ಸಿಂಕಿಗೆ ಸುರಿದು, ತಪ್ಪು ಮಾಡಿದ ಮಗುವಿನಂತೆ ನಿಂತಿದ್ದ.

"ತಪ್ಪಾಯ್ತು ಸರ್. ನಮ್ಮಮ್ಮ ಡಬ್ಬಕ್ಕೆ ಸುರೀತಿದ್ರು. ನನ್ಹತ್ರ ಡಬ್ಬ ಇರ್ಲಿಲ್ಲ."

ಎಲ್ರಾಯ್‌ನನ್ನು ಯಾರಾದರೂ ಸರ್ ಎಂದು ಕರೆದು ಎಷ್ಟು ಕಾಲವಾಗಿತ್ತೋ! ಪೈಪಿನ ಕೊಳೆ ತೆಗೆಯುವಷ್ಟು ಹೊತ್ತೂ ಹುಡುಗ ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದ. ಈ ಊರಲ್ಲಿ ತನಗೆ ಯಾರೂ ಗೊತ್ತಿಲ್ಲವೆಂದ. ಉಳಿದ ಕರಿದ ಮೀನನ್ನು ತಟ್ಟೆಗೆ ಹಾಕಿ ಬಡಿಸಿದ. ತಿಂದು ಹೊರಗೆ ಬಂದ ಎಲ್ರಾಯ್ ಬೇರೆಯೇ ಮನುಷ್ಯನಾಗಿದ್ದ.

ಆ ಶುಕ್ರವಾರ ಬಾರಿನಲ್ಲಿ ಅವನು ಗಂಟಲು ಸರಿಮಾಡಿಕೊಂಡು ಹೇಳಿದ: "ಯೋಚ್ನೆ ಮಾಡ್ದೆ. ಬ್ರಾನಿಗನ್ ಈ ಸಲ ಸರಿಯಾದವನನ್ನೇ ಹಿಡ್ದಿದಾನೆ. ಟಿಬ್ಸ್ ರತ್ನ ಕಣ್ರೋ."

ಗಸ್ಸಿಯ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಹಾಗನ್ಬೇಡ ಮಾರಾಯಾ!" ಎಂದಳು. "ಒಂದೇ ಒಂದ್ಸಲ ಬೈದ್ಬಿಡು, ನಿನ್ ದಮ್ಮಯ್ಯ. ಕೋಣ ಅನ್ನು, ಮೊದ್ದು ಅನ್ನು, ಏನಾದ್ರೂ ಅನ್ನು!"

"ಅನ್ನಲ್ಲ."

ಅವನು ಅನ್ನಲೇ ಇಲ್ಲ. ಜಡ್ಸನ್ ಮಾತ್ರ ಎಲ್ರಾಯ್ ಏಪ್ರಿಲ್‌ನಲ್ಲಿ ಹೇಳಿದ ಹಾಗೆಯೇ ಆಡಿದ. ಎದುರಾಳಿಗಳು ಅವನ ಎಡಗಡೆಯಿಂದಲೂ ನುಗ್ಗಿದರು, ಬಲಗಡೆಯಿಂದಲೂ ನುಗ್ಗಿದರು. ಅವನು ತಿರುಗುವಷ್ಟರಲ್ಲಿ ಚೆಂಡೆಸೆಯುವವನು ನೆಲಕ್ಕೆ ಬಿದ್ದಿರುತ್ತಿದ್ದ. ಬೇರೆಯವರು ಶಾಪ ಹಾಕುತ್ತಿದ್ದರೆ ಎಲ್ರಾಯ್ ಹಲ್ಲು ಕಚ್ಚಿ, "ನೆಲ ಜಾರ್ತಿದೆ", "ಬಿಸಿಲು ಕಣ್ಣಿಗೆ ಹೊಡೀತಿದೆ" ಎಂದು ಸಮಜಾಯಿಷಿ ಕೊಡುತ್ತಿದ್ದ. ಆಗ ಹಿಮ ಬೀಳುತ್ತಿತ್ತು.

ಮರುವರ್ಷ ತಂಡ ಜಡ್ಸನ್‌ನನ್ನು ಕೈಬಿಟ್ಟಿತು. ಅವನ ಮಂಚ, ಕುರ್ಚಿಗಳನ್ನು ಲಾರಿಗೆ ಏರಿಸಲು ಎಲ್ರಾಯ್ ಹೋದ. ಕೆಲಸ ಮುಗಿದ ಮೇಲೆ ಹುಡುಗ ಬೆವರೊರೆಸಿಕೊಂಡು ಕೇಳಿದ:

"ನಿಜ ಹೇಳಿ ಸರ್. ನನ್ನನ್ನ ಆರಿಸಿದ್ದು ಕೋಚ್ ತಪ್ಪಾ?"

ಎಲ್ರಾಯ್ ಸರೋವರದ ಕಡೆ ನೋಡಿದ. ಸುಳ್ಳು ಬಾಯಿಗೆ ಬಂದದ್ದು ಹಿಂದಕ್ಕೆ ಹೋಯಿತು.

"ತಪ್ಪೇ ಕಣಪ್ಪಾ. ನಿನ್ ಕಾಲು ನಿಧಾನ."

ಜಡ್ಸನ್ ನಕ್ಕುಬಿಟ್ಟ. "ನಂಗೂ ಹಾಗೇ ಅನ್ಸ್ತಿತ್ತು. ಯಾರೂ ಬಾಯ್ಬಿಟ್ಟು ಹೇಳ್ತಿರ್ಲಿಲ್ಲ." ಊರಿಗೆ ಹೋಗಿ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತೇನೆಂದು ಹೇಳಿ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಎಲ್ರಾಯ್‌ಗೆ ಆ ಮೇಲೆ ವಾರವೆಲ್ಲ ಪಕ್ಕೆ ನೋವು.

ಬಾರಿನಲ್ಲಿ ಎಲ್ಲರೂ ಅವನ ಮೇಲೆ ಬಿದ್ದರು. "ಕೋಚ್ ಸರಿಯಾಗೇ ಆರ್ಸಿದ್ದ. ನಿನ್ ಬಾಯಿಂದ ಹೊಗಳಿಕೆ ಬಂತು ನೋಡು, ಅದೇ ಆ ಹುಡುಗನಿಗೆ ಮುಳುವಾಯ್ತು!" ಎಲ್ರಾಯ್ ತನ್ನ ತಟ್ಟೆಯ ಮೀನನ್ನು ತಿನ್ನುತ್ತಾ ಹೋದ.

ಮನೆಗೆ ಹೋಗುವಾಗ ಕಾರಿನಲ್ಲಿ ಹೆಂಡತಿ ಬರ್ನೀಸ್ ಕೇಳಿದಳು: "ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ ನೀನ್ ಹೇಳಿದ್ದು ನಿಜವಾಗಿತ್ತು. ಮೊದ್ಲು ಬೈದವನು ನಾನೇ ಅಂತ ನೆನಪಿಸ್ಬಾರ್ದಿತ್ತಾ?"

"ಆ ಹುಡುಗ ಸೋತಿದ್ದಕ್ಕೆ ನಾನ್ ಮೀಸೆ ತಿರುವ್ಲಾ?"

ಬರ್ನೀಸ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಒಳ್ಳೇದಾಯ್ತು ಬಿಡು. ಇನ್ಮೇಲಾದ್ರೂ ಆ ಕೋಚ್‌ನ ಅವನ ಪಾಡಿಗೆ ಬಿಡ್ತೀಯಲ್ಲ?"

"ಬಿಡೋದಾ? ಈ ವರ್ಷ ಆರ್ಸಿದಾನಲ್ಲ, ಆ ಒಂಟಿಕೊಕ್ಕರೆ! ಅವನ್ ಕೈ ನೋಡಿದ್ಯಾ ನೀನು?" ಎಂದು ಶುರುಮಾಡಿದವನು ಮನೆಯ ಬಾಗಿಲು ಬಂದರೂ ನಿಲ್ಲಿಸಲಿಲ್ಲ.