ಎರಡು ನೋಟ್‌ಬುಕ್, ಒಂದೇ ಅಂಕಿ

ನಮ್ಮ ಮನೆಯ ತಾರಸಿಯಲ್ಲಿ ಎರಡು ನೋಟ್‌ಬುಕ್ಕುಗಳಿದ್ದವು. ಒಂದು ನನ್ನದು, ಇನ್ನೊಂದು ಕೆಳಗಿನ ರೂಮಿನ ಬಾಡಿಗೆಯವನದು. ಆತ ವಿಜಯಪುರದ ಕಡೆಯವನು. ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ. ವರ್ತೂರಿಗೆ ಬಂದ ಹೊಸದರಲ್ಲಿ, ನೀರಿನ ಟ್ಯಾಂಕಿನ ಪಕ್ಕ ನನ್ನ ಟೆಲಿಸ್ಕೋಪು ಕಂಡು, "ಎದುರಿನ ಅಪಾರ್ಟ್‌ಮೆಂಟ್ ನೋಡ್ತೀರೇನ್ರೀ ಅಣ್ಣಾರ?" ಎಂದು ಕೇಳಿದ್ದ. ಆಕಾಶ ತೋರಿಸಿದ ಮೇಲೆ ಅವನೂ ಅಂಟಿಕೊಂಡ.

ನಾವು ಕಾಯುತ್ತಿದ್ದುದು ಉತ್ತರ ಕಿರೀಟವೆಂಬ ಪುಂಜದ ಒಂದು ಮಂಕು ನಕ್ಷತ್ರಕ್ಕೆ. ಸುಮಾರು ಎಂಬತ್ತು ವರ್ಷಕ್ಕೊಮ್ಮೆ ಅದು ಧಗ್ಗನೆ ಹೊತ್ತಿ, ಬರಿಗಣ್ಣಿಗೂ ಕಂಡು, ಕೆಲವೇ ದಿನಗಳಲ್ಲಿ ಮತ್ತೆ ಮಸುಕಾಗುತ್ತದೆ. ಈಗ ಅದರ ಸರದಿ. ಅಕ್ಕಪಕ್ಕದ ನಕ್ಷತ್ರಗಳ ಹೊಳಪಿನ ಅಂಕಿ ನಕ್ಷೆಯಲ್ಲಿ ಇರುತ್ತದೆ. ನಮ್ಮದು ಅವುಗಳ ನಡುವೆ ಎಲ್ಲಿ ಕೂರುತ್ತದೆಂದು ಕಣ್ಣಂದಾಜಿನಲ್ಲಿ ಬರೆಯಬೇಕು. ಅಂಕಿ ಇಳಿದರೆ ಹೊಳಪು ಏರಿದೆ ಎಂದರ್ಥ. ಒಬ್ಬರ ಕಣ್ಣನ್ನು ಯಾರೂ ನಂಬುವುದಿಲ್ಲ. ಇಬ್ಬರು, ಒಬ್ಬರದು ಒಬ್ಬರಿಗೆ ಗೊತ್ತಾಗದಂತೆ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಆ ನಂಬಿಕೆಯ ಮೇಲೆಯೇ ನಮ್ಮಿಬ್ಬರ ಅಂಕಿಗಳು ದಿನವೂ ನಕ್ಷತ್ರ ವೀಕ್ಷಕರ ಬಳಗಕ್ಕೆ ಹೋಗುತ್ತಿದ್ದವು.

ಒಂದು ದಿನ ಅವನು ತನ್ನ ಫ್ಯಾಕ್ಟರಿಯ ಸುದ್ದಿ ಹೇಳುತ್ತ ನಕ್ಕ. "ಇಬ್ರ ಅಳತಿ ದಿನಾ ಒಂದ ಬಂತಂದ್ರ, ಒಬ್ಬಾಂವ ಕಾಪಿ ಹೊಡದಾನ ಅಂತ ತಿಳೀಬೇಕ್ರಿ."

ನಾನೂ ನಕ್ಕೆ. ಅವನು ಡ್ಯೂಟಿಗೆ ಹೋದ ಮೇಲೆ ಎರಡೂ ನೋಟ್‌ಬುಕ್ಕು ಬಿಚ್ಚಿದೆ. ಮೂರು ತಿಂಗಳ ಅಂಕಿ, ದಶಾಂಶದ ಸಮೇತ, ಅಚ್ಚು ಹಾಕಿದಂತೆ ಒಂದೇ!

ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ಅವನು ಕೆಮ್ಮಿದರೆ ನನ್ನ ಪುಸ್ತಕದ ಕಡೆ ತಿರುಗಿದಂತೆ, ನಕ್ಷೆ ಎತ್ತಿಕೊಂಡರೆ ಹಾಳೆ ಮಗುಚಿದಂತೆ ಅನಿಸುತ್ತಿತ್ತು. ಒಗೆದ ಬಟ್ಟೆ ತೆಗೆಯಲು ಮೇಲೆ ಬಂದ ನನ್ನ ಹೆಂಡತಿ ಒಂದು ಸಂಜೆ ಕೇಳಿಯೇ ಬಿಟ್ಟಳು: "ನೀವು ನಕ್ಷತ್ರ ನೋಡ್ತೀರೋ, ಆ ವಯ್ಯನ್ನ ನೋಡ್ತೀರೋ? ಪಾಪ, ಅಂಗೆಲ್ಲಾ ದುರುಗುಟ್ಕೊಂಡು ನಿಂತ್ಕೋಬೇಡಿ."

ಕೊನೆಗೆ ಒಂದು ಉಪಾಯ ಹೂಡಿದೆ. ಮೇ ತಿಂಗಳ ಸಂಜೆ, ಎಂಟು ಗಂಟೆ. ಎಂದಿನಂತೆ ಅವನು ಪಕ್ಕದಲ್ಲಿ ಕಾಯುತ್ತಿರಲು ನಾನು ಮೊದಲು ನೋಡಿದೆ: 9.8. ಬರೆದದ್ದು ಮಾತ್ರ 9.2. ಪುಸ್ತಕವನ್ನು ಬೇಕೆಂದೇ ತೆರೆದಿಟ್ಟು, ಕಾಫಿ ತರುತ್ತೇನೆಂದು ಕೆಳಗಿಳಿದೆ. ಲೋಟ ಹಿಡಿದು ಮೆಟ್ಟಿಲು ಹತ್ತುವಾಗ, ಅವನು ಸಿಕ್ಕಿಬೀಳುವ ಗಳಿಗೆಯಲ್ಲಿ ಏನನ್ನಬೇಕೆಂದು ಲೆಕ್ಕ ಹಾಕುತ್ತಿದ್ದೆ.

"ಎಷ್ಟು ಬಂತು?"

"ಒಂಬತ್ತು ಪಾಯಿಂಟ್ ಎಂಟು ರೀ."

ಪುಸ್ತಕದಲ್ಲಿಲ್ಲದ್ದು, ನನ್ನ ತಲೆಯಲ್ಲಿದ್ದದ್ದು ಇವನಿಗೆ ಹೇಗೆ ಸಿಕ್ಕಿತು? "ನಿಜ ಹೇಳು ಗುರು, ನನ್ನ ನಂಬರ್ ನಿಂಗೆ ಎಂಗೆ ಗೊತ್ತಾಯ್ತು?"

"ನೀವ ಅಂದ್ರಲ್ರೀ ಅಣ್ಣಾರ! ಕೊಳವಿಗೆ ಕಣ್ಣ ಹಚ್ಚಿದ್ರ ಸಾಕು, ನಿಮ್ಮ ಬಾಯಿ ಶುರು. ಒಂಬತ್ತೂವರಿ, ಅಲ್ಲ, ಇನ್ನೊಂಚೂರು ಮಂಕು, ಎಂಟು, ಹಾಂ ಎಂಟು... ದಿನಾ ಅಂತೀರಿ."

ನಮ್ಮಜ್ಜಿ ರಾಗಿ ಅಳೆಯುವಾಗ ಬಾಯಿಬಿಟ್ಟು ಎಣಿಸದಿದ್ದರೆ ಕೈ ಓಡುತ್ತಿರಲಿಲ್ಲ. ಅವಳ ಮಗ್ಗುಲಲ್ಲೇ ಕೂತು ಎಣಿಕೆ ಕಲಿತವನು ನಾನು. ನನ್ನ ಕಿವಿಗೆ ಮಾತ್ರ ನನ್ನ ಬಾಯಿ ಕೇಳಿರಲಿಲ್ಲ.

"ಮೊದ್ಲೇ ಹೇಳ್ಬಾರ್ದಾ?"

"ನನಗ ಕಲಿಸಾಕತ್ತೀರಿ ಅನ್ಕೊಂಡಿದ್ದೆ. ನಾ ಖರೇನ ನೋಡೇ ಬರದೀನ್ರಿ. ಆದ್ರ ಕಿವ್ಯಾಗ ನಿಮ್ಮ ನಂಬರ್ ಬಿದ್ದಮ್ಯಾಲೆ ಕಣ್ಣಿಗೆ ಬ್ಯಾರೇದು ಹೆಂಗ ಕಾಣ್ತದ?" ಅಷ್ಟರಲ್ಲಿ ಅವನ ಬೆರಳು ನನ್ನ ಪುಟದ ಮೇಲೆ ನಿಂತಿತು. "ಅಲ್ರೀ, ಎಂಟು ಅಂದು ಎರಡ್ಯಾಕ ಬರದ್ರಿ?"

ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ. ಅವನು ಜಗಳ ಮಾಡಲಿಲ್ಲ. ಕಾಫಿ ಮುಟ್ಟದೆ ರಾತ್ರಿ ಪಾಳಿಯ ಕಂಪನಿ ಬಸ್ಸಿಗೆ ಹೊರಟುಹೋದ. ನಾನು 9.2 ಹೊಡೆದು ಹಾಕಿ, ಬಳಗಕ್ಕೆ ಪತ್ರ ಬರೆಯಲು ಕೂತೆ: ಮೂರು ತಿಂಗಳ ನಮ್ಮ ಅಂಕಿಗಳನ್ನು ಇಬ್ಬರದೆಂದು ಎಣಿಸಬೇಡಿ, ಅದು ಒಬ್ಬನದೇ ಕಣ್ಣು, ತಪ್ಪು ನನ್ನದು, ಅವನದಲ್ಲ.

ನಾಲ್ಕು ದಿನ ಅವನು ಮೇಲೆ ಬರಲಿಲ್ಲ. ಐದನೆಯ ಸಂಜೆ ಬಂದವನು, "ಇವತ್ತಿಂದ ಮೊದಲ ನಾ ನೋಡ್ತೀನಿ" ಎಂದಷ್ಟೇ ಹೇಳಿದ. ನಾನು ಮೆಟ್ಟಿಲಿಗೆ ಇಳಿದು ತಾರಸಿಯ ಬಾಗಿಲು ಎಳೆದುಕೊಂಡೆ. ಆಚೆ ಕಡೆಯಿಂದ ಅವನು ಅಗುಳಿ ಹಾಕಿದ ಸದ್ದು ಕೇಳಿಸಿತು. ಅವನು ನೋಡಿ ಮುಗಿಸುವವರೆಗೆ ಕತ್ತಲಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದು, ಕಾದು ಕೂತೆ.