ಅಪ್ಪನ ಜೊತೆ ಕರಿಯಪ್ಪನವರ ಊರಿಗೆ

ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ, ಶಿಕಾರಿಪುರದ ನಿಲ್ದಾಣದಲ್ಲಿ ಅಪ್ಪನನ್ನು ಕೈಹಿಡಿದು ಸೊರಬದ ಬಸ್ಸು ಹತ್ತಿಸಿದೆ. ಸರ್ಕಾರಿ ಬಸ್ಸಾದ್ದರಿಂದ ನನಗೆ ಪುಕ್ಕಟೆ, ಅಪ್ಪನಿಗಷ್ಟೇ ಟಿಕೆಟ್. ಎಂಬತ್ತು ದಾಟಿದ ಅಪ್ಪ ನಿವೃತ್ತ ಪೊಲೀಸ್ ಅಧಿಕಾರಿ. ಕ್ಯಾಸನೂರು ಕಡೆಯ ಒಂದು ಹಳ್ಳಿಗೆ ಹೋಗಬೇಕು ಎಂದಿದ್ದರೇ ಹೊರತು ಯಾಕೆಂದು ಹೇಳಿರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಹೋಟೆಲಿನಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಇದ್ದವು; ನಾವು ಇಳಿದು ಚಹಾ ಹೇಳಿದೆವು. ಪಕ್ಕದ ಬೆಂಚಿನ ಹಿರಿಯರೊಬ್ಬರು ಅಪ್ಪನನ್ನು ಗುರುತಿಸಿದರು.

"ಎಮರ್ಜೆನ್ಸಿ ಟೈಮಿನ ಸಾಹೇಬ್ರು ಅಲ್ರೀ ನೀವು? ಗಂಧದ ಕಳ್ರ ಗ್ಯಾಂಗನ್ನ ಒಂದೇ ವಾರದಾಗ ಒಳಗ ಹಾಕಿದ್ರಿ. ಈಗ್ಲೂ ನಿಮ್ಮಂಥೋರೇ ಬೇಕು ನೋಡ್ರಿ."

ಅಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮುಂದಿನ ದಾರಿಯಲ್ಲಿ ಕಿಟಕಿ ಕಡೆ ಮುಖ ಮಾಡಿ ಹೇಳಿದರು. ಆ ಗ್ಯಾಂಗಿನವರು ಸಾಮಾನ್ಯರಲ್ಲ, ಅಡ್ಡ ಬಂದ ಅರಣ್ಯ ಕಾವಲುಗಾರನ ಕೈ ಕಡಿದಿದ್ದರು. ಆಗ ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಜೈಲಿಗೆ ಕಳಿಸಬಹುದಿತ್ತು, ಕೇಳುವವರಿರಲಿಲ್ಲ. ಮೇಲಿನವರು ಹನ್ನೆರಡು ಜನರ ಪಟ್ಟಿ ಕೇಳಿದರು. ಅಪ್ಪನ ಬಳಿ ಹನ್ನೊಂದೇ ಹೆಸರಿದ್ದವು. ಕಾಡಂಚಿನಲ್ಲಿ ಕುರಿ ಕಾಯುತ್ತಿದ್ದ ಕರಿಯಪ್ಪ ಎಂಬುವವರನ್ನು ಹನ್ನೆರಡನೆಯವರಾಗಿ ಸೇರಿಸಿದರು.

"ಒಂದೂವರೆ ವರ್ಷ ಒಳಗಿದ್ದ. ನನಗೆ ಬಡ್ತಿ ಸಿಕ್ತು."

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ. ನಿನಗೇ ಮೊದಲು ಹೇಳ್ತಿರೋದು."

ನನಗೆ ಸಿಟ್ಟು ಬಂತು. ಆದರೂ ಹಿಡಿದಿದ್ದ ಅವರ ಕೈಯನ್ನು ಬಿಡಲಾಗಲಿಲ್ಲ.

ಸೊರಬದಲ್ಲಿ ಇಳಿದು ಆಟೊ ಮಾಡಿಕೊಂಡು ಹಳ್ಳಿಗೆ ಹೋದೆವು. ಕರಿಯಪ್ಪನವರು ಅಂಗಳದಲ್ಲಿ ಕುರಿಯೊಂದರ ಕಾಲು ಹಿಡಿದು ಗೊರಸು ಕತ್ತರಿಸುತ್ತಿದ್ದರು. ನನ್ನ ವಯಸ್ಸಿನ ಅವರ ಮಗಳು ಗೌರಮ್ಮ ಚೆಂಬಿನಲ್ಲಿ ನೀರು ತಂದರು. ಅಪ್ಪ ಕುಡಿಯದೆ ನಿಂತೇ ಇದ್ದರು.

"ನೀವು ಕಳ್ಳ ಅಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು, ಕರಿಯಪ್ಪನವರೇ."

ಕರಿಯಪ್ಪನವರು ಕುರಿಯ ಕಾಲು ಬಿಟ್ಟರು. "ನಂಗೂ ಗೊತ್ತಿತ್ತಲ್ಲ ಸಾಹೇಬ್ರೆ," ಎಂದರು. "ಗೊತ್ತಿಲ್ದೇ ಇದ್ದಿದ್ದು ಊರಿಗೆ."

ಗೌರಮ್ಮ ಹಾಲಿನ ಕ್ಯಾನು ಎತ್ತಿಕೊಂಡರು. "ಶಾಲೇಲಿ ನನ್ನ ಕಳ್ಳನ ಮಗಳು ಅಂತಿದ್ರು. ಈಗ ಡೇರಿ ಹೊತ್ತು, ಎಲ್ರೂ ಇರ್ತಾರೆ. ಅಲ್ಲಿ ಬಂದು ಹೇಳ್ತೀರಾ?"

ಅಪ್ಪ ಡೇರಿಯತ್ತ ಹೊರಟೇಬಿಟ್ಟರು. ರಸ್ತೆ ಏರಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಅವರು ನಿಲ್ಲುವುದನ್ನು ಕಂಡು ಕರಿಯಪ್ಪನವರು ಬಂದು ತೋಳು ಹಿಡಿದರು.

ಡೇರಿಯ ಮುಂದೆ ಇಪ್ಪತ್ತು ಜನರಿದ್ದರು. ಅಪ್ಪ ತಮ್ಮ ಹೆಸರು, ಹುದ್ದೆ ಹೇಳಿಕೊಂಡರು. "ಇವರ ಮೇಲೆ ಸುಳ್ಳು ಬರೆದವನು ನಾನು," ಎಂದರು. ಹಿಂದಿದ್ದವರಿಗೆ ಕೇಳಿಸಲಿಲ್ಲವೆಂದು ಗೌರಮ್ಮ ಹೇಳಿದಾಗ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. ಅಷ್ಟೂ ಹೊತ್ತು ಕರಿಯಪ್ಪನವರು ಅವರ ತೋಳು ಬಿಡಲಿಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅಪ್ಪ ಕೇಳಲೂ ಇಲ್ಲ.

ಆಟೊ ಹತ್ತುವಾಗ ಗೌರಮ್ಮ, "ಅಪ್ಪಾಜಿನ ಮೆಲ್ಲಗೆ ಹತ್ತಿಸ್ರಿ," ಎಂದರು.

ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಡೇರಿಯ ಜಗಲಿಯಲ್ಲಿ ಕೂತಿದ್ದವರು ಸರಿದು ಜಾಗ ಮಾಡಿಕೊಟ್ಟಿದ್ದರು. ಕರಿಯಪ್ಪನವರು ಅವರ ನಡುವೆ ಕೂರುತ್ತಿದ್ದರು.